ಮೈಮೇಲೆ ಯಾರೂ ಇಲ್ಲ

ಡಾಕ್ಟರಮ್ಮ ಬರೆದ ತಲೆಯ ಚಿತ್ರವನ್ನು ಬೆಟ್ಟಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಒಳಗೆಲ್ಲ ಗೆರೆಗಳು, ಗೆರೆಯಿಂದ ಗೆರೆಗೆ ಕವಲು.

"ಮಿದುಳಲ್ಲಿ ಯಾವುದೋ ಒಂದೇ ಜಾಗ ಕೆಟ್ಟಿದೆ ಅಂತಲ್ಲಮ್ಮ. ಎಲ್ಲ ಜಾಗಾನೂ ಒಂದಕ್ಕೊಂದು ಸೇರಿಸಿರೋ ಜಾಲ ಇದೆ, ನಿಮ್ಮ ಕಡೆ ನಾಲೆ, ಕಾಲುವೆ ಇದ್ದ ಹಾಗೆ. ಎಲ್ಲ ತೂಬೂ ಒಟ್ಟಿಗೇ ಎತ್ತಿಬಿಟ್ರೆ ಗದ್ದೆ ಏನಾಗುತ್ತೆ? ನಿಮ್ಮ ಸೊಸೆಗೆ ಮೂರ್ಛೆ ಬಂದಾಗ ಆಗೋದು ಅದೇ. ಮಾತ್ರೆ ತಪ್ಪಿಸದೆ ತಗೊಂಡ್ರೆ ಹತೋಟಿಗೆ ಬರುತ್ತೆ."

"ಅಂಗಾರೆ ಮೈಮ್ಯಾಲೆ ಯಾರೂ ಬರಾಕಿಲ್ವಾ?"

"ಯಾರೂ ಬರಲ್ಲ."

"ಸತ್ತೋರೂವೆ?"

"ಸತ್ತೋರಿಗೆ ಅಲ್ಲೇನು ಕೆಲಸ?"

ಪಕ್ಕದಲ್ಲಿ ಕೂತಿದ್ದ ಸೊಸೆ ಅರ್ಪಿತಳಿಗೆ ಗೆದ್ದಷ್ಟು ಖುಷಿಯಾಯಿತು. ಪದವಿ ಓದಿದ ಹುಡುಗಿ. ಮಂಡ್ಯದ ಆಸ್ಪತ್ರೆಗೆ ಹೋಗಲೇಬೇಕೆಂದು ವರ್ಷವಿಡೀ ಹಟ ಹಿಡಿದವಳೂ ಅವಳೇ. ಅವಳಿಗೆ ನಿಜ ಬೇಕಿತ್ತು, ಸಿಕ್ಕಿತು.

ಮದುವೆಯಾದ ಆರನೇ ತಿಂಗಳಿಗೆ ಮೊದಲ ಸಲ ಬಿದ್ದಿದ್ದಳು. ಬಿದ್ದಾಗೆಲ್ಲ ತುಟಿ ಚಪ್ಪರಿಸುತ್ತಿದ್ದಳಂತೆ, ಕೈ ನೆಲದ ಮೇಲೆ ಏನನ್ನೋ ತಡಕುತ್ತಿತ್ತಂತೆ. ಮೈಮೇಲೆ ಬಂದದ್ದು ಯಾರೆಂದು ಬೆಟ್ಟಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತನ್ನ ಗಂಡನ ಮೊದಲ ಹೆಂಡತಿ ಜವರಮ್ಮ. ಬೆಟ್ಟಮ್ಮ ಎರಡನೆಯವಳಾಗಿ ಬಂದು ಗಂಡು ಹೆತ್ತ ಮೇಲೆ, ಮಕ್ಕಳಿಲ್ಲದ ಆ ಹೆಂಗಸನ್ನು ಕೊಟ್ಟಿಗೆಗೆ ತಳ್ಳಿದ್ದಳು. ಮಿಕ್ಕಿದ್ದರೆ ಮುದ್ದೆ, ಇಲ್ಲದಿದ್ದರೆ ಇಲ್ಲ. ಮೂವತ್ತು ವರ್ಷದ ಹಿಂದೆ ಒಂದು ದಿನ ಜವರಮ್ಮ ನಾಲೆಯಲ್ಲಿ ಹೆಣವಾಗಿ ತೇಲಿದಳು.

ಹಾಗಾಗಿ ಸೊಸೆ ಬಿದ್ದ ದಿನದಿಂದ ಮೊದಲ ಮುದ್ದೆ ಸೊಸೆಗೆ. ಸಗಣಿ ಬಾಚುವುದು ಬೇಡ, ಹುಲ್ಲು ಹೊರುವುದು ಬೇಡ. ಮೂರ್ಛೆ ಬಂದರೆ ಅತ್ತೆ ಅವಳ ತಲೆ ತೊಡೆಯ ಮೇಲಿಟ್ಟುಕೊಂಡು, "ತಪ್ಪಾಯ್ತು ಕಣಕ್ಕ, ಉಣ್ಣಕ್ಕ" ಎಂದು ಅಳುತ್ತಿದ್ದಳು. ಅರ್ಪಿತಳಿಗೆ ಅದೆಲ್ಲ ಅವಮಾನವೆನಿಸುತ್ತಿತ್ತು.

ಊರಿಗೆ ವಾಪಸಾಗುವ ಕೊಪ್ಪದ ಬಸ್ಸಿನಲ್ಲಿ ಬೆಟ್ಟಮ್ಮ ಸೊಸೆಯ ಹೆಗಲಿಗೆ ಒರಗಿ ಗೊರಕೆ ಹೊಡೆದಳು. ಮೂವತ್ತು ವರ್ಷದ ಬಾಕಿ ನಿದ್ದೆ ಅದು.

ವಾರ ಕಳೆಯಿತು. "ಏಳವ್ವ, ಕೊಟ್ಟಿಗೆ ಬಾಚೋಗು" ಎಂದಳು ಅತ್ತೆ. ಇನ್ನೊಂದು ವಾರಕ್ಕೆ, "ನಿಮ್ಮಪ್ಪ ಕಾಯ್ಲೆ ಮುಚ್ಚಿಟ್ಟು ನನ್ ಮಗನ ಕೊರಳ್ಗೆ ಕಟ್ದ" ಎಂದು ಬೀದಿಗೆ ಕೇಳುವಂತೆ ಹೇಳಿದಳು. ಎಂಥ ಹೆಂಗಸು. ದೆವ್ವ ಮನೆಯದಾದರೆ ಹೊಣೆಯೂ ಮನೆಯದು; ಜಾಲ ತಲೆಯದಾದರೆ ಅದು ತವರಿನಿಂದ ಬಂದ ಸಾಮಾನು.

ಮಾತ್ರೆ ಚೆನ್ನಾಗಿ ಹಿಡಿಯಿತು. ಎರಡು ತಿಂಗಳು ಅರ್ಪಿತ ಒಮ್ಮೆಯೂ ಬೀಳಲಿಲ್ಲ.

"ವಾಸಿ ಆಗ್ತಿದೀನಲ್ಲ?" ಎಂದು ಗಂಡ ಶಶಿಧರನನ್ನು ಕೇಳಿದಳು.

"ಮಾತ್ರೆ ಬುಟ್ರೆ ಬತ್ತದಂತಲ್ಲ. ಅವ್ವ ಹೇಳೋದ್ರಲ್ಲೂ ತಪ್ಪೇನಿಲ್ಲ ಕಣಮ್ಮಿ," ಎಂದ ಅವನು ಮೊಬೈಲಿನಿಂದ ತಲೆಯೆತ್ತದೆ. "ಭಾನುವಾರ ನಿಮ್ಮಪ್ಪ ಬತ್ತಾರೆ. ಬಟ್ಟೆ ಜೋಡುಸ್ಕೊ. ಮಳವಳ್ಳೀಲಿ ತವರಲ್ಲೇ ಇರು."

"ಎಷ್ಟು ದಿನ?"

ಅವನು ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಅವನಿಗೆ ಹೊಸ ಹೆಣ್ಣು ನೋಡಿಯಾಗಿದೆ ಎಂಬುದು ಪಕ್ಕದ ಮನೆಯವರಿಂದ ಅವಳಿಗೆ ಮೊದಲೇ ಗೊತ್ತಿತ್ತು.

ಶನಿವಾರ ಮಧ್ಯಾಹ್ನ ಬೆಟ್ಟಮ್ಮ ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅರ್ಪಿತ ಬಾಗಿಲು ದಾಟಿ ಬಂದು ನೆಲಕ್ಕೆ ಬಿದ್ದಳು. ತನ್ನ ಮೂರ್ಛೆಯನ್ನು ಅವಳು ಯಾವತ್ತೂ ನೋಡಿರಲಿಲ್ಲ, ಕೇಳಿ ಗೊತ್ತಿತ್ತು ಅಷ್ಟೇ. ಕೈಕಾಲು ಸೆಡೆದುಕೊಂಡಳು. ತುಟಿ ಚಪ್ಪರಿಸಿದಳು. ನೆಲ ತಡಕಿದಳು. ನಾಚಿಕೆಯಿಂದ ಮೈ ಸುಡುತ್ತಿತ್ತು. ಆದರೂ ಗಂಟಲನ್ನು ದಪ್ಪ ಮಾಡಿ ಹೇಳಿದಳು:

"ಅಸಿವು ಕಣೇ ಬೆಟ್ಟೀ. ಈ ಮಗೀನೂ ಓಡುಸ್ತೀಯೇನೇ?"

ಬೆಟ್ಟಮ್ಮನ ಕೈ ನಿಂತಿತು. ಎದ್ದವಳೇ ಹತ್ತಿರ ಬಂದು ಬಗ್ಗಿದಳು. ಅರ್ಪಿತ ಕಣ್ಣು ಬಿಗಿದು ಮುಚ್ಚಿಕೊಂಡು ಆ ತೊಡೆಗಾಗಿ ಕಾದಳು.

"ಬೆಳಿಗ್ಗೆ ಮಾತ್ರೆ ನುಂಗ್ದೇನವ್ವ?" ಎಂದಳು ಬೆಟ್ಟಮ್ಮ.

ಮೂರ್ಛೆ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಅರ್ಪಿತಳಿಗೆ ಗೊತ್ತಿರಲಿಲ್ಲ, ಹಾಗೇ ಬಿದ್ದಿದ್ದಳು.

"ವಸಿ ಕಾಲು ಮಡಿಚ್ಕೊ," ಎಂದು ಬೆಟ್ಟಮ್ಮ ಅವಳ ಪಕ್ಕದಲ್ಲಿ ಗೋಣಿತಾಟು ಹಾಸಿ, ಸುಲಿದ ಕಾಳನ್ನು ಬಿಸಿಲಿಗೆ ಹರವತೊಡಗಿದಳು.