ತುಕ್ಕಿನ ಬೆರಳುಗಳು

ಅಪ್ಪ ತೀರಿಕೊಂಡ ಮೇಲೆ ಅವರ ಬೀರುವಿನ ತಳದಲ್ಲಿ, ಉಣ್ಣೆಯ ಮಫ್ಲರಿನಲ್ಲಿ ಸುತ್ತಿಟ್ಟಿದ್ದ ಪಿಸ್ತೂಲು ಸಿಕ್ಕಿತು. ಠಾಣೆಗೆ ಫೋನ್ ಮಾಡಿ ಕೇಳಿದರೆ, ಒಳಗೆ ಗುಂಡಿದೆಯೋ ಇಲ್ಲವೋ ಮೊದಲು ಬಿಚ್ಚಿಸಿ ನೋಡಿ ತನ್ನಿ ಎಂದರು. ಹಾಗಾಗಿ ಅಕ್ಕ ತಂಗಿ ಇಬ್ಬರೂ ಬಂದೂಕು ರಿಪೇರಿ ಮಾಡುವ ಮೇಸ್ತ್ರಿಯ ಅಂಗಡಿಗೆ ಬಂದು ಕೂತಿದ್ದರು.

"ಇದನ್ನ ಕೊನೇ ಸಲ ಮುಟ್ಟಿದ್ದು ಯಾವ ಕಾಲದಲ್ಲಮ್ಮಾ? ತುಕ್ಕು ಹಿಡಿದು ಕಲ್ಲಾಗಿದೆ," ಎಂದ ಮೇಸ್ತ್ರಿ.

"ಅಪ್ಪ ಒಂದು ಸಲಾನೂ ಹಾರಿಸಿದೋರಲ್ಲ," ಎಂದಳು ಅಕ್ಕ. "ಸುಮ್ನೆ ಶೋಕಿಗೆ ಇಟ್ಕೊಂಡಿದ್ರು."

ಮೇಸ್ತ್ರಿ ಪಿಸ್ತೂಲಿನ ಬಾಯನ್ನು ಮರಳಿನ ಬಕೆಟ್ಟಿನತ್ತ ತಿರುಗಿಸಿ, ಹಿಡಿಯೊಳಗಿನ ಗುಂಡಿನ ಪೆಟ್ಟಿಗೆಯನ್ನು ಎಳೆದು ಪಕ್ಕಕ್ಕಿಟ್ಟ. ಆದರೆ ಹಿಂದೆ ಮುಂದೆ ಜಾರಬೇಕಾದ ಮೇಲ್ಭಾಗದ ಸ್ಲೈಡ್ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಸಂದುಸಂದಿಗೆ ಎಣ್ಣೆ ಬಿಟ್ಟು, ನೆನೆಯಲೆಂದು ಕಾದು, ಬಟ್ಟೆಯಿಂದ ಜಿಡ್ಡು ಒರೆಸತೊಡಗಿದ. ಒರೆಸುತ್ತಿದ್ದ ಕೈ ತಟ್ಟನೆ ನಿಂತಿತು.

"ಇಲ್ಲಿ ನೋಡಿ, ಸ್ಲೈಡ್ ಮೇಲೆ. ಬೆವರಿದ ಕೈಯಲ್ಲಿ ಹಿಡಿದು ಒರೆಸದೆ ಇಟ್ರೆ ಕಬ್ಬಿಣನ ಹೀಗೆ ತಿನ್ನುತ್ತೆ. ಈ ಕಡೆ ನಾಲ್ಕು ಬೆರಳು, ಆ ಕಡೆ ಹೆಬ್ಬೆರಳು."

ಅವನು ತನ್ನ ತೋರುಬೆರಳನ್ನು ಆ ಗುರುತಿನ ಮೇಲಿಟ್ಟ. ಒಂದೇ ಬೆರಳಿಗೆ ಎರಡು ಗುರುತು ಮುಚ್ಚಿಹೋದವು.

"ಪುಟ್ಟ ಮಗು ಕೈ," ಎಂದ.

ತಂಗಿಯ ಬಲಗೈ ಮಡಿಲಲ್ಲಿ ತಾನಾಗಿಯೇ ಮುಷ್ಟಿ ಕಟ್ಟಿತು. ಅವಳು ಬಿಡಿಸಿಕೊಂಡಳು. ಮತ್ತೆ ಕಟ್ಟಿತು.

ಮೇಸ್ತ್ರಿ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋದ. ಒಮ್ಮೆಲೇ ಸ್ಲೈಡ್ ನರಳಿದಂತೆ ಸದ್ದು ಮಾಡಿ ಹಿಂದಕ್ಕೆ ಜಾರಿತು. ಒಳಗಿನಿಂದ ಸುಟ್ಟ ಮದ್ದಿನ ವಾಸನೆ, ಈಗಷ್ಟೇ ಸಿಡಿದದ್ದೋ ಎಂಬಂತೆ, ಗಪ್ಪನೆ ಮೂಗಿಗೆ ಬಡಿಯಿತು. ಖಾಲಿ ತೋಟಾ ಒಂದು ಮೇಜಿನ ಮೇಲೆ ಉರುಳಿತು.

"ಹಾರಿಸಿದ್ದಾರಮ್ಮಾ. ಗುಂಡು ಹಾರಿದ ಮೇಲೆ ಸ್ಲೈಡ್ ತಾನೇ ಹಿಂದಕ್ಕೆ ಹೋಗಿ ಇದನ್ನ ಹೊರಗೆ ಎಸೀಬೇಕು. ಎಸೆದಿಲ್ಲ. ಹಾರಿಸೋವಾಗ ಯಾರೋ ಸ್ಲೈಡನ್ನ ಗಟ್ಟಿಯಾಗಿ ಹಿಡ್ಕೊಂಡಿದ್ರು ಅನ್ಸುತ್ತೆ."

ತಂಗಿ ಮುಷ್ಟಿಯನ್ನು ಮತ್ತೆ ಬಿಡಿಸಿಕೊಂಡಳು. ಅಕ್ಕ ಅವಳ ಅಂಗೈಗೆ ಅಡ್ಡಲಾಗಿದ್ದ ಹಳೆಯ ಗಾಯದ ಗೆರೆಯನ್ನೇ ನೋಡುತ್ತಿದ್ದಳು. ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿಕೊಂಡದ್ದು ಎಂದು ಅಮ್ಮ ಹೇಳುತ್ತಿದ್ದ ಗಾಯ ಅದು.

ಮನೆಗೆ ಬಂದವರೇ ಇಬ್ಬರೂ ಸೇರಿ ಅಪ್ಪನ ಕೋಣೆಯ ಬೀರುವನ್ನು ತಳ್ಳಿದರು. ಸುಣ್ಣ ಹೊಡೆಸುವಾಗಲೂ ಅಪ್ಪ ಅದನ್ನು ಕದಲಿಸಲು ಬಿಟ್ಟವರಲ್ಲ. ಹಿಂದಿನ ಗೋಡೆಯಲ್ಲಿ ಬೆರಳು ತೂರುವಷ್ಟು ತೂತಿತ್ತು. ಅಕ್ಕ ಅಪ್ಪನ ಕುರ್ಚಿಯನ್ನು ಅದರ ಮುಂದೆಳೆದು ಕೂತಳು. ತೂತು ಅವಳ ನೆತ್ತಿಯಿಂದ ಒಂದು ಗೇಣು ಮೇಲಿತ್ತು.

"ಅಪ್ಪ ಇಲ್ಲಿ ಕೂತಿದ್ರು ಕಣೇ," ಎಂದಳು ಅಕ್ಕ. "ಪಿಸ್ತೂಲು ತಲೆಗಿಟ್ಕೊಂಡಿದ್ರು. ನೀನು ಅದನ್ನ ಹಿಡಿದು ಪಕ್ಕಕ್ಕೆ ಎಳೆದಿದ್ದೀಯ. ನಿಂಗೆ ಏನಾದ್ರೂ ನೆನಪಿದ್ಯಾ?"

"ಇಲ್ಲ ಅಕ್ಕಾ."

ನಿಜಕ್ಕೂ ನೆನಪಿರಲಿಲ್ಲ. ಅವಳಿಗೆ ನೆನಪಿದ್ದದ್ದು ಬೇರೆ: ತಾನು ಲೋಟ ಚಾಚಿದಾಗಲೆಲ್ಲ ಅಪ್ಪ ಮುಖ ಆ ಕಡೆ ತಿರುಗಿಸಿಯೇ ತೆಗೆದುಕೊಳ್ಳುತ್ತಿದ್ದರು. ಅಪ್ಪನಿಗೆ ತನ್ನನ್ನು ಕಂಡರಾಗದು ಎಂದೇ ಅವಳು ಇಷ್ಟು ವರ್ಷ ನಂಬಿದ್ದಳು.

ಅಳು ಬಂತು. ಬಾಯಿ ತೆರೆದರೆ ಹೊರಬಿದ್ದದ್ದು ಮಾತ್ರ ಅವಳ ದನಿಯಲ್ಲ. ತೊದಲುವ, ಕೀರಲು ದನಿ: "ಬೇದಪ್ಪಾ... ಕೊದಪ್ಪಾ ಅದು..."

ಅಕ್ಕ ಎದ್ದು ಬಂದು ತಂಗಿಯ ಬಿಗಿದ ಮುಷ್ಟಿಯನ್ನು ಹಿಡಿದುಕೊಂಡಳು. "ಬಿಡು ಪುಟ್ಟಿ, ಆಯ್ತು, ಬಿಡು," ಎನ್ನುತ್ತಾ ಒಂದೊಂದೇ ಬೆರಳನ್ನು ಬಿಡಿಸಿದಳು. ಅಂಗೈ ಬೆವರಿನಿಂದ ತೊಯ್ದಿತ್ತು, ಗೆರೆಗೆರೆಯಲ್ಲೂ ಕೆಂಪಗೆ ತುಕ್ಕು ಅಂಟಿತ್ತು. ಅಂಗಡಿಯಲ್ಲಾಗಲಿ ಮನೆಯಲ್ಲಾಗಲಿ ಅವಳು ಪಿಸ್ತೂಲನ್ನು ಮುಟ್ಟಿಯೇ ಇರಲಿಲ್ಲ.

ಮಾರನೆಯ ದಿನ ಅಕ್ಕ ಒಬ್ಬಳೇ ಹೋಗಿ ಅದನ್ನು ಠಾಣೆಗೆ ಒಪ್ಪಿಸಿ ಬಂದಳು. ಬರುವಷ್ಟರಲ್ಲಿ ತಂಗಿ ಆ ಕುರ್ಚಿಯಲ್ಲೇ ಗಾಢವಾಗಿ ನಿದ್ದೆಹೋಗಿದ್ದಳು, ಅಂಗೈ ಬಿಚ್ಚಿಕೊಂಡು.