ಹಿಮದ ಕೆಳಗಿನ ಕೈ

ಹಸುವಿನ ಕೊಂಬು ಹಿಡಿದವನ ಹೆಸರನ್ನು ಹಾಲು ಕುಡಿದವರು ಕೇಳುವುದಿಲ್ಲ. ಅಲ್ಸೀಡ್ ನಾರ್ಸಿಸ್‌ನ ಆಯುಷ್ಯವೆಲ್ಲ ಕೊಂಬು ಹಿಡಿಯುವುದರಲ್ಲೇ ಕಳೆಯಿತು. ಹಾಲು ಕರೆದವನು ಫರ್ಡಿ ಬಟೀಸ್.

ಇಬ್ಬರೂ ಲೂಯಿಸಿಯಾನಾದ ಟೆಶ್ ಹೊಳೆಯ ದಂಡೆಯವರು. ಅಲ್ಲಿ ಹೊಳೆ ಬಿಟ್ಟರೆ ಕಬ್ಬು, ಕಬ್ಬು ಬಿಟ್ಟರೆ ಚರ್ಚು, ಚರ್ಚು ಬಿಟ್ಟರೆ ಫುಟ್‌ಬಾಲು. ಕಾಲಲ್ಲಿ ಒದೆಯುವ ಆಟವಲ್ಲ. ಮೊಟ್ಟೆಯಂಥ ಚೆಂಡನ್ನು ಎದೆಗವಚಿಕೊಂಡು ಒಂದು ಕಡೆಯವರು ಓಡುತ್ತಾರೆ, ಇನ್ನೊಂದು ಕಡೆಯವರು ಕೆಡವುತ್ತಾರೆ. ಇವರಿಬ್ಬರೂ ಕೆಡವುವವರು. ಶಾಲೆಯ ತಂಡದಲ್ಲೂ ಜೊತೆ, ಆಮೇಲೆ ಹೊಟ್ಟೆಪಾಡಿಗೆ ಬಡಗಣ ದೊಡ್ಡ ಊರಿನ ತಂಡ ಸೇರಿದಾಗಲೂ ಜೊತೆ.

ಅಲ್ಸೀಡನ ಜಾಗ ಎಲ್ಲರಿಗಿಂತ ಮುಂದೆ, ನಟ್ಟನಡುವೆ. ಚೆಂಡು ನೆಲ ಬಿಟ್ಟ ಕೂಡಲೇ ಎದುರಿನಿಂದ ಎತ್ತಿನಂಥ ಇಬ್ಬರು ಬಂದು ಅವನ ಮೇಲೆ ಬೀಳುತ್ತಿದ್ದರು. ಅವನು ಹಿಂದೆ ಸರಿಯಬಾರದು, ಅದೇ ಅವನ ಕೆಲಸ. ಅವನು ಆ ಇಬ್ಬರನ್ನು ತಡೆದಿಟ್ಟಷ್ಟು ಹೊತ್ತು ಬೆನ್ನ ಹಿಂದೆ ನಿಂತ ಫರ್ಡಿಗೆ ಅಡ್ಡ ಬರುವವರೇ ಇಲ್ಲ. ಫರ್ಡಿ ಸಂದಿಯಲ್ಲಿ ನುಗ್ಗಿ ಚೆಂಡಿನವನನ್ನು ಎತ್ತಿ ಒಗೆಯುತ್ತಿದ್ದ. ಜನ ಎದ್ದು ನಿಂತು ಫರ್ಡಿ ಫರ್ಡಿ ಅನ್ನುತ್ತಿದ್ದರು. ಅಲ್ಸೀಡ್ ಬಾಯೊಳಗಿನ ಹುಲ್ಲು ಉಗಿಯುತ್ತಿದ್ದ. ಜೊತೆಯವರು ಅವನಿಗಿಟ್ಟ ಹೆಸರು ಬೊಡ್ಡೆ. ಮರದ ಬೊಡ್ಡೆಗೆ ಯಾರು ಚಪ್ಪಾಳೆ ತಟ್ಟುತ್ತಾರೆ?

ಅದನ್ನೂ ಅವನು ನುಂಗಿಕೊಳ್ಳುತ್ತಿದ್ದನೋ ಏನೋ. ನುಂಗಲಾಗದೆ ಗಂಟಲಲ್ಲಿ ಸಿಕ್ಕಿಕೊಂಡದ್ದು ಒಂದೇ ಒಂದು ಆಟ. ಆ ವರ್ಷದ ಕಪ್ಪಿಗೆ ಅದೇ ದಾರಿ. ಹಿಮ ಸುರಿಯುತ್ತಿತ್ತು. ಎದುರಾಳಿಗೆ ಗೆಲುವಿನ ಗೆರೆ ಗೇಣು ದೂರ, ಉಳಿದದ್ದು ಒಂದೇ ಯತ್ನ. ಅಲ್ಸೀಡ್ ಇಬ್ಬರ ಕೆಳಗೆ ಸಿಕ್ಕಿಬಿದ್ದಿದ್ದ. ಮೂಗಿನ ಪಕ್ಕದಲ್ಲೇ ಚೆಂಡಿನವನ ಕಾಲು ಹಾದುಹೋಯಿತು. ಕೈ ಚಾಚಿದ, ಕಣಕಾಲು ಸಿಕ್ಕಿತು, ಬಿಡಲಿಲ್ಲ. ಆ ಮನುಷ್ಯ ಮುಗ್ಗರಿಸಿ ಮೊಣಕಾಲೂರಿದ್ದು ಅಲ್ಸೀಡನ ಬೆರಳುಗಳಿಗೆ ಗೊತ್ತು. ಮೊಣಕಾಲು ನೆಲಕ್ಕೆ ತಾಗಿತೆಂದರೆ ಆ ಆಟದಲ್ಲಿ ಬಿದ್ದಂತೆಯೇ ಲೆಕ್ಕ. ಅದಾದ ಮೇಲೆ ಮೇಲಿನಿಂದ ಗರುಡನ ಹಾಗೆ ಹಾರಿ ಬಂದು ಬಿದ್ದವನು ಫರ್ಡಿ.

ಮಾರನೆಯ ದಿನ ದೇಶದ ಪೇಪರುಗಳಲ್ಲೆಲ್ಲ ಫರ್ಡಿ ಹಾರಿದ ಫೋಟೋ. ಅದರಡಿಯಲ್ಲಿ, ಹಿಮದಲ್ಲಿ, ಕಣಕಾಲು ಹಿಡಿದ ಒಂದು ಕೈ. ಕಿರುಬೆರಳು ಸೊಟ್ಟ. ಅಂಥ ಕಿರುಬೆರಳು ಆ ತಂಡದಲ್ಲಿ ಒಬ್ಬನಿಗೇ ಇತ್ತು. ಆದರೆ ಕಿರುಬೆರಳು ನೋಡಲು ಯಾರು ಪೇಪರು ಕೊಳ್ಳುತ್ತಾರೆ?

ಹುಟ್ಟೂರಿನ ಕ್ಷೌರದ ಅಂಗಡಿಯ ಹೊರಗೋಡೆಯ ಮೇಲೆ ಆ ಫೋಟೋವನ್ನೇ ಆಳೆತ್ತರಕ್ಕೆ ಬರೆಸಿದರು. ಬರೆದವನು ಸೊಗಸಾಗಿಯೇ ಬರೆದ. ಆ ಕೈ ಮಾತ್ರ ಅವನಿಗೆ ಗಲೀಜಾಗಿ ಕಂಡಿರಬೇಕು, ಅದರ ಮೇಲೆ ಬಿಳಿ ಬಣ್ಣ ಬಳಿದು ಹಿಮ ಮಾಡಿಬಿಟ್ಟ. ಅಂದಿನಿಂದ ಅಲ್ಸೀಡ್ ಕೂದಲು ಕತ್ತರಿಸಲು ಹೋದಾಗಲೆಲ್ಲ ತನ್ನ ಕೈಯನ್ನು ಹೂತ ಜಾಗ ನೋಡಿಕೊಂಡೇ ಒಳಗೆ ಕಾಲಿಡಬೇಕು. ಕ್ಷೌರದ ಲೂಸಿಯನ್ ಒಮ್ಮೆ, "ಏನು ಬೊಡ್ಡೆ, ನಮ್ ಫರ್ಡಿ ಹೆಂಗ್ ಹಾರವ್ನೆ ನೋಡ್ದಾ?" ಅಂದಿದ್ದಕ್ಕೆ, ಅರ್ಧ ತಲೆಯಲ್ಲೇ ಎದ್ದು ಬಂದಿದ್ದ.

ಇಷ್ಟೆಲ್ಲ ಇದ್ದೂ ಅವನ ಮಗಳು ಒಡೀಲ್‌ಗೆ ಫರ್ಡಿಯೇ ಪರೇನ್. ಹೆಸರಿಡುವ ದಿನ ಚರ್ಚಿನಲ್ಲಿ ಕೂಸನ್ನೆತ್ತಿಕೊಂಡು ನಿಂತ ಧರ್ಮದ ತಂದೆ. ಒಡೀಲ್ ಶಾಲೆಗೆ ಹೋಗಿ, "ನಮ್ ಪರೇನ್ ಗೊತ್ತಾ?" ಎಂದು ಜಂಭ ಕೊಚ್ಚುತ್ತಿದ್ದಳು. ನಮ್ಮಪ್ಪ ಗೊತ್ತಾ ಎಂದು ಅವಳು ಅಂದದ್ದು ಒಮ್ಮೆಯೂ ಅಲ್ಸೀಡನ ಕಿವಿಗೆ ಬೀಳಲಿಲ್ಲ.

ಹೀಗೇ ವಯಸ್ಸಾಯಿತು. ಅಲ್ಸೀಡನ ಮೊಣಕಾಲು ಎರಡೂ ಹೋದವು. ಒಂದು ಮಧ್ಯಾಹ್ನ ಜಗಲಿಯಲ್ಲಿ ಕೂತು ಪೆಕಾನ್ ಕಾಯಿ ಒಡೆಯುತ್ತಿದ್ದಾಗ ಹೆಂಡತಿ ಕ್ಲೋಟಿಲ್ ಚರ್ಚಿನ ಮೀನೂಟ ಮುಗಿಸಿ ಬಂದಳು.

"ಕೇಳ್ದೇನಯ್ಯಾ? ಫರ್ಡಿಗೆ ರಾಜ್ಯದ ಆಟಗಾರರ ಮಂದಿರದಲ್ಲಿ ಜಾಗ ಕೊಟ್ಟವ್ರಂತೆ. ಮರ್ಯಾದೆಗೆ ಅಂತ ಕೋಟು ತೊಡಿಸ್ತಾರಂತೆ."

"ತೊಡಿಸ್ಲಿ. ಅವನಿಗೆ ಚಳಿ ಜಾಸ್ತಿ."

"ಪೂರ್ತಿ ಕೇಳು. ತೊಡಿಸೋರು ಯಾರು, ಅವನ ಬಗ್ಗೆ ನಾಲ್ಕು ಮಾತಾಡೋರು ಯಾರು ಅಂತ ಅವನೇ ಆರಿಸ್ಬೇಕಂತೆ. ನಿನ್ನ ಆರಿಸವ್ನೆ."

ಅಲ್ಸೀಡನ ಕೈಯಲ್ಲಿದ್ದ ಕಾಯಿ ಸಿಪ್ಪೆ ತಿರುಳು ಒಂದಾಗುವ ಹಾಗೆ ಪುಡಿಯಾಯಿತು.

"ಇಬ್ರನ್ನ ಹಿಡ್ಕೊಂಡಿದ್ದಾಯ್ತು. ಈಗ ಕೋಟೂ ಹಿಡ್ಕೋಬೇಕೋ?"

"ಹಿಡಿಯೋದ್ರಲ್ಲಿ ನಿನ್ನ ಬಿಟ್ರೆ ಯಾರವ್ರೆ?" ಎಂದು ಕ್ಲೋಟಿಲ್ ನಕ್ಕಳು. "ನಿನ್ನ ಹೊಟ್ಟೇಲಿ ಇರೋ ಕಿಚ್ಚಿಗೆ ಒಂದು ಗಡಿಗೆ ಗಂಬೋ ಸಾರು ಬೇಯಿಸ್ಬೋದು. ಹೋಗಿ ಒಂದ್ಸಲ ಮಾತಾಡ್ಸ್ಕೊಂಡು ಬಾ. ಅವನ ಹೆಂಡ್ತಿ ವರ್ನಾ ಅಂತಿದ್ಲು, ಅವನು ಮೊದಲಿನ ಹಾಗಿಲ್ವಂತೆ."

ಅಲ್ಸೀಡ್ ಹೋದದ್ದು ಆಗುವುದಿಲ್ಲ ಎಂದು ಹೇಳಲು. ಫರ್ಡಿಯ ಮನೆ ದೊಡ್ಡದು, ಸುತ್ತ ಓಕ್ ಮರಗಳು. ವರ್ನಾ ಬಾಗಿಲಲ್ಲೇ ಅವನ ತೋಳು ಹಿಡಿದು ತಗ್ಗಿದ ದನಿಯಲ್ಲಿ, "ಅಲ್ಸೀಡಣ್ಣ, ತಲೆಗೆ ತಲೆ ಕೊಟ್ಟು ಆಡಿದ್ದು ಈಗ ವಸೂಲಾಗ್ತಿದೆ. ಹಳೇದೆಲ್ಲ ಅಳಿಸಿಹೋಗ್ತಿದೆ. ನೀನು ಬಂದ್ರೆ ಮಾತ್ರ ಗುರುತು ಹಿಡೀತಾನೆ ನೋಡು," ಅಂದಳು.

ಫರ್ಡಿ ಹಿತ್ತಿಲ ಜಗಲಿಯಲ್ಲಿ ಕೂತಿದ್ದ. ಈಗಲೂ ಆಳು ನೆಟ್ಟಗೆ, ಮೊಣಕಾಲು ಗಟ್ಟಿ. ಅಲ್ಸೀಡ್ ಮೊದಲು ನೋಡಿದ್ದೇ ಆ ಮೊಣಕಾಲುಗಳನ್ನು.

"ಬಾರೋ ಬೊಡ್ಡೆ. ಕೂತ್ಕೋ. ಕುರ್ಚಿ ಗಟ್ಟಿ ಐತೆ, ನೀನು ಗಟ್ಟಿಯಿಲ್ಲ ಅಷ್ಟೇ."

ಸ್ವಲ್ಪ ಹೊತ್ತು ಮೀನಿನ ಮಾತು, ಮಳೆಯ ಮಾತು ಆಯಿತು. ಆಮೇಲೆ ಫರ್ಡಿ ಒಳಗಿನ ಕಡೆ ಕಣ್ಣು ಹಾಯಿಸಿ, ವರ್ನಾ ಇಲ್ಲವೆಂದು ನೋಡಿಕೊಂಡು, ಮುಂದೆ ಬಾಗಿದ.

"ಒಂದು ಕೇಳ್ತೀನಿ, ನಗಬೇಡ. ಆ ಹಿಮದ ಆಟ. ಎಲ್ರೂ ನಾನೇ ಕೆಡವಿದೆ ಅಂತಾರೆ. ಗೋಡೆ ಮೇಲೂ ಬರ್ದವ್ರೆ. ನನಗೆ ಹಿಮ ನೆನಪೈತೆ, ಇನ್ನೇನೂ ಇಲ್ಲ. ನೀನು ಅಲ್ಲೇ ಇದ್ದೆ. ಕೆಡವಿದ್ದು ನಾನೇನಾ?"

ಈ ಪ್ರಶ್ನೆಗೆ ಅಲ್ಸೀಡ್ ಅರ್ಧ ಆಯುಷ್ಯ ಕಾದಿದ್ದ. ಪೇಪರಿನವರು ಕೇಳಲಿಲ್ಲ, ಕೋಚ್ ಕೇಳಲಿಲ್ಲ, ಮಗಳು ಕೇಳಲಿಲ್ಲ. ಕೇಳಿದವನು ಇವನು.

"ಅಲ್ಲ," ಅಂದ. "ಕಾಲು ನನ್ನ ಕೈಲಿತ್ತು. ಅವನು ಆಗ್ಲೇ ಬಿದ್ದಿದ್ದ. ನೀನು ಬಿದ್ದವನ ಮೇಲೆ ಬಿದ್ದೆ."

ಫರ್ಡಿ ಅವನ ಸೊಟ್ಟ ಕಿರುಬೆರಳನ್ನೇ ನೋಡಿದ. ಸಿಟ್ಟಾಗಲಿಲ್ಲ.

"ಹಂಗಾದ್ರೆ ಇಷ್ಟು ವರ್ಷ ನಿನ್ನ ತಟ್ಟೇಲಿ ನಾನು ಉಂಡೆ ಅನ್ನು. ಮೊದ್ಲೇ ಯಾಕೋ ಹೇಳ್ಲಿಲ್ಲ?"

"ನೀನು ಉಣ್ಣುವಾಗ ಕೇಳಿಸ್ತಿತ್ತಾ?"

ಫರ್ಡಿ ಕುರ್ಚಿ ಕುಲುಕುವಂತೆ ನಕ್ಕ. "ಅಲ್ಲಿ ವೇದಿಕೆ ಮೇಲೆ ಇದನ್ನೇ ಹೇಳು. ಎಲ್ರ ಮುಂದೆ. ನಾನೇ ಹೇಳಿಸ್ತಿದೀನಿ, ಹೇಳು."

ಆಗುವುದಿಲ್ಲ ಎನ್ನಲು ಹೋದವನು ಆಗಲಿ ಎಂದು ಬಂದ. ಆ ಸಂಜೆ ಎರಡು ಬಟ್ಟಲು ಗಂಬೋ ಕುಡಿದ. ಕ್ಲೋಟಿಲ್ ಏನೂ ಕೇಳದೆ ಮೂರನೆಯದನ್ನು ಬಡಿಸಿದಳು.

ಮಂದಿರದ ದಿನ ಬಂತು. ಸಭೆ ಕಿಕ್ಕಿರಿದಿತ್ತು, ಹಳೆಯ ಆಟಗಾರರೆಲ್ಲ ಟೈ ಬಿಗಿದುಕೊಂಡು ಉಸಿರಿಗೆ ಒದ್ದಾಡುತ್ತಿದ್ದರು. ತೆರೆಯ ಹಿಂದೆ ಬಿಳಿ ಅಂಗಿಯ ಫರ್ಡಿ ಅಲ್ಸೀಡನ ತೋಳು ಹಿಡಿದ. ಕೈ ತಣ್ಣಗಿತ್ತು.

"ಬೊಡ್ಡೆ, ಒಂದು ಕೇಳ್ತೀನಿ, ನಗಬೇಡ. ಆ ಹಿಮದ ಆಟ. ಕೆಡವಿದ್ದು ನಾನೇನಾ?"

ಕೊಟ್ಟ ಒಪ್ಪಿಗೆ ಫರ್ಡಿಯ ತಲೆಯಲ್ಲಿ ನಿಂತಿರಲಿಲ್ಲ. ಇವನಿಗೆ ಮರೆಯುವ ಭಾಗ್ಯವೂ ಬಂತಲ್ಲ ಅನ್ನಿಸಿತು ಅಲ್ಸೀಡನಿಗೆ. ತನ್ನ ಮೊಣಕಾಲುಗಳು ಒಂದೊಂದು ಆಟವನ್ನೂ ನೆನಪಿಟ್ಟುಕೊಂಡಿವೆ. ಉತ್ತರ ಹೇಳುವಷ್ಟರಲ್ಲಿ ಹೆಸರು ಕೂಗಿದರು.

ಅವನು ಮೈಕಿನ ಮುಂದೆ ನಿಂತ. ಮುಂದಿನ ಸಾಲಿನಲ್ಲಿ ಒಡೀಲ್, ಪಕ್ಕದಲ್ಲಿ ಕ್ಲೋಟಿಲ್. ಅವನಿಗೆ ಅಲಂಕಾರದ ಮಾತು ಬರುವುದಿಲ್ಲ.

"ಹಿಮದ ಆಟ ಎಲ್ರಿಗೂ ಗೊತ್ತು. ಅವತ್ತು ಕಾಲು ಹಿಡಿದು ಕೆಡವಿದ್ದು ನಾನು. ಕೆಡವಿ ಆದ ಮೇಲೆ ಫರ್ಡಿ ಬಂದ."

ಸಭೆ ಗೊಳ್ಳೆಂದು ನಕ್ಕಿತು. ಹಿಂದಿನಿಂದ ಯಾರೋ, "ನಂಗೂ ಒಂದು ಕೈ ಇತ್ತು ಕಣೋ ಬೊಡ್ಡೆ," ಅಂದರು. ಇನ್ನೂ ನಗು.

"ತಮಾಷೆಯಲ್ಲ," ಅಂದ ಅಲ್ಸೀಡ್.

ಅದಕ್ಕಂತೂ ಮೇಜು ಗುದ್ದಿ ನಕ್ಕರು. ಗೆಳೆಯನ ಕಾಲೆಳೆಯುವುದೆಂದರೆ ಹೀಗಿರಬೇಕು ಎಂದುಕೊಂಡರು. ಎಲ್ಲರಿಗಿಂತ ಜೋರಾಗಿ ನಕ್ಕವನು ಫರ್ಡಿ. ಸಭೆಯಲ್ಲಿ ನಗದೆ ಉಳಿದವಳು ಕ್ಲೋಟಿಲ್ ಒಬ್ಬಳೇ.

ಇನ್ನು ಹೇಳಲು ಏನಿತ್ತು? ಅವನು ಕೋಟು ಬಿಡಿಸಿ ಹಿಡಿದ. ಫರ್ಡಿಯ ಒಂದು ಕೈ ಸಲೀಸಾಗಿ ಹೋಯಿತು. ಇನ್ನೊಂದು ಕೈ ಕೋಟಿನ ತೋಳು ಸಿಗದೆ ಗಾಳಿಯಲ್ಲಿ ಹುಡುಕಿತು, ಹುಡುಕುತ್ತಲೇ ಇತ್ತು. ಮುಂದಿದ್ದವರ ನಗು ನಿಲ್ಲುವ ಮೊದಲೇ ಅಲ್ಸೀಡ್ ಅವನ ಮಣಿಕಟ್ಟು ಹಿಡಿದು ಒಳಗೆ ಸೇರಿಸಿದ. ಯಾರಿಗೂ ಕಾಣಲಿಲ್ಲ. ಅವನು ಹಿಡಿದದ್ದು ಯಾವತ್ತೂ ಯಾರಿಗೂ ಕಂಡದ್ದಿಲ್ಲ.

ಹೊರಗೆ ಒಡೀಲ್ ಬಂದು ತಬ್ಬಿಕೊಂಡಳು. "ಅಪ್ಪಾ, ನೀನು ಇಷ್ಟು ನಗಿಸ್ತೀಯ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ಕಾರಿನಲ್ಲಿ ಕ್ಲೋಟಿಲ್, "ನಾನು ನಂಬ್ತೀನಯ್ಯಾ," ಅಂದಳು.

"ನೀನು ಆಟದಂಗಳದಲ್ಲಿ ಇರ್ಲಿಲ್ಲ."

ಅದಾದ ಮೇಲೆ ಪ್ರತಿ ಭಾನುವಾರ, ಚರ್ಚು ಬಿಟ್ಟ ಮೇಲೆ, ಅಲ್ಸೀಡ್ ಫರ್ಡಿಯ ಮನೆಗೆ ಹೋಗತೊಡಗಿದ. ಊರವರು, ನೋಡಿ ಸ್ನೇಹ ಅಂದರೆ ಹಾಗಿರಬೇಕು, ಮಗಳ ಪರೇನ್‌ನನ್ನು ಕೈಬಿಟ್ಟಿಲ್ಲ, ಎಂದು ಆಡಿಕೊಂಡರು. ಅವನು ಹೋಗುತ್ತಿದ್ದದ್ದು ಯಾತಕ್ಕೆಂದು ಅವನಿಗೆ ಗೊತ್ತಿತ್ತು. ಫರ್ಡಿ ಒಳಗಿನ ಕಡೆ ಕಣ್ಣು ಹಾಯಿಸಿ, ಮುಂದೆ ಬಾಗಿ, ಕೆಡವಿದ್ದು ನಾನೇನಾ ಎಂದು ಕೇಳುತ್ತಿದ್ದ. ಅಲ್ಲ ಅನ್ನುತ್ತಿದ್ದ ಅಲ್ಸೀಡ್. ಫರ್ಡಿ ಸೊಟ್ಟ ಬೆರಳು ನೋಡಿ, ಹಂಗಾದ್ರೆ ನಿನ್ನ ತಟ್ಟೇಲಿ ನಾನು ಉಂಡೆ ಅನ್ನು, ಎಂದು ನಗುತ್ತಿದ್ದ. ಅವತ್ತು ಆಟದಂಗಳದಲ್ಲಿದ್ದು ಅಲ್ಸೀಡನ ಮಾತು ನಂಬುವವನು ಭೂಮಿಯ ಮೇಲೆ ಫರ್ಡಿಯೊಬ್ಬನೇ. ಆ ನಂಬಿಕೆ ಮುಂದಿನ ಭಾನುವಾರದೊಳಗೆ ಒಣಗಿಹೋಗುತ್ತಿತ್ತು. ಮತ್ತೆ ಹೋಗಬೇಕಾಗುತ್ತಿತ್ತು. ಕೆಲವು ಸಲ ವರ್ನಾಗೆ ಕೈ ಬಿಡುವಿಲ್ಲದಾಗ ಫರ್ಡಿಯ ಅಂಗಿಯ ಗುಂಡಿಯನ್ನೂ ಹಾಕಿ ಬರುತ್ತಿದ್ದ.

ಕಬ್ಬು ಕಡಿಯುವ ಕಾಲಕ್ಕೆ ಒಂದು ಭಾನುವಾರ ಫರ್ಡಿ ಕೇಳಲಿಲ್ಲ. ಮೀನಿನ ಮಾತು ಮುಗಿಯಿತು, ಮಳೆಯ ಮಾತು ಮುಗಿಯಿತು. ದೂರದ ಗದ್ದೆಯಲ್ಲಿ ಕಬ್ಬಿನ ರವದಿ ಸುಡುವ ಹೊಗೆ ಏಳುತ್ತಿತ್ತು. ಅಲ್ಸೀಡ್ ಕಾದ. ಕಿರುಬೆರಳು ಕಾಣುವ ಹಾಗೆ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡ.

"ಏನೋ ಫರ್ಡಿ, ಇವತ್ತು ಕೇಳೋದಿಲ್ವಾ?"

"ಏನನ್ನ?"

"ಹಿಮದ ಆಟ."

ಫರ್ಡಿ ಹೊಗೆಯ ಕಡೆ ನೋಡಿದ. "ಇಲ್ಲೆಲ್ಲಿ ಹಿಮ ಬೀಳುತ್ತೆ ಬೊಡ್ಡೆ?" ಅಂದ.

ಅಲ್ಸೀಡ್ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, ಹಿಮ ಸುರಿಯತೊಡಗಿದ ಕಡೆಯಿಂದ ಹೇಳಲು ಶುರುಮಾಡಿದ.