ಲಿಂಡನ್‌ವೆರ್ಡರಿನ ಈಟಿ

ನೌಶಾದನ ಅಂಗಡಿಗೆ ಕಂಪ್ಯೂಟರ್ ಕಸೂತಿ ಯಂತ್ರ ಬಂದ ದಿನವೇ ಸುಂದರಿಗೆ ಗೊತ್ತಾಗಿತ್ತು, ತನ್ನ ಅನ್ನಕ್ಕೆ ಕಲ್ಲು ಬಿತ್ತೆಂದು. ಒಮಾನಿನ ರೂವಿ ಪೇಟೆಯ ಆ ಅಂಗಡಿಯಲ್ಲಿ ಹನ್ನೊಂದು ವರ್ಷ ಅವಳು ಒಮಾನಿ ಟೋಪಿಗಳಿಗೆ, ಶಾಲೆಯ ಬ್ಯಾಡ್ಜುಗಳಿಗೆ ಕೈಯಿಂದ ಕಸೂತಿ ಹಾಕಿದ್ದಳು. ಅವಳಿಗೆ ಒಂದು ದಿನ ಹಿಡಿಯುವ ಕೆಲಸವನ್ನು ಯಂತ್ರ ಚಹಾ ಆರುವುದರೊಳಗೆ ಮುಗಿಸುತ್ತಿತ್ತು. ತಿಂಗಳ ಕೊನೆಗೆ ಅವಳ ರೆಸಿಡೆಂಟ್ ಕಾರ್ಡು ಮುಗಿಯುತ್ತದೆ, ಇನ್ನು ಮಾಡಿಸುವುದಿಲ್ಲ ಎಂದು ನೌಶಾದ್ ಹೇಳಿಯೂ ಆಗಿತ್ತು. ಗಂಡನಿಲ್ಲದ ಸಂಸಾರ. ಕಾರ್ಡು ಹೋದರೆ ಮಗಳು ಸಮೀಕ್ಷಾ ಹತ್ತನೆಯ ಪರೀಕ್ಷೆಗೆ ಮೂರೇ ತಿಂಗಳಿರುವಾಗ ಶಾಲೆ ಬಿಟ್ಟು ಊರಿಗೆ ಗಂಟುಮೂಟೆ ಕಟ್ಟಬೇಕು.

ಆ ವಾರವೇ ಹೋಲ್ಗರ್ ಬಂದ. ಸೂರ್ ಕಡೆಯ ಗ್ಯಾಸ್ ಪ್ಲಾಂಟಿನ ಎಂಜಿನಿಯರ್. ಊರು ಜರ್ಮನಿಯ ನದಿದಂಡೆಯ ಪುಟ್ಟ ಪೇಟೆ, ಲಿಂಡನ್‌ವೆರ್ಡರ್. ಅಜ್ಜನ ಕಾಲದ ಮೀನುಗಾರರ ಸಂಘದ ಬಾವುಟವನ್ನು ಅವನು ಮೇಜಿನ ಮೇಲೆ ಬಿಡಿಸಿಟ್ಟ. ನುಸಿ ತಿಂದ ನೀಲಿ ಬಟ್ಟೆಯ ಮೇಲೆ ಊರಿನ ಲಾಂಛನ: ಕೆಳಗೆ ಬೆಳ್ಳಿಬಣ್ಣದ ಮೀನು, ಮೇಲೆ ಹೊಂಬಣ್ಣದ ಈಟಿಯ ಮೊನೆ. ಮೀನು ನದಿಯದ್ದಂತೆ. ಈಟಿ, ಹಿಂದೊಮ್ಮೆ ದರೋಡೆಕೋರರಿಂದ ಊರು ಕಾಪಾಡಿದ ಕುದುರೆ ಸವಾರನದಂತೆ. ಬರುವ ಬೇಸಿಗೆಗೆ ಊರಿಗೆ ಏಳುನೂರು ವರ್ಷ. ಮೆರವಣಿಗೆಗೆ ಹೊಸ ಬಾವುಟ ಬೇಕು.

ಯಂತ್ರ ಓಡಿಸುವ ಜೋಸ್ಟನ್ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದ. ಹಳೆಯ ಬಾವುಟದ ಅಸ್ತರು ಬಿಚ್ಚಿ ದಾರದ ಬಣ್ಣ ಹೊಂದಿಸುವ ಕೆಲಸವಷ್ಟೇ ಸುಂದರಿಯ ಪಾಲಿಗೆ ಬಂತು. ಅಸ್ತರು ಬಿಚ್ಚಿ ಹಿಂಬದಿ ನೋಡಿದವಳು ಹಾಗೇ ನಿಂತಳು. ಮುಂದೆ ದಾರ ಸವೆದು ಚೂಪು ತುದಿಯೊಂದೇ ಉಳಿದಿತ್ತು. ಹಿಂದೆ ಪೂರ್ತಿ ಆಕಾರವಿತ್ತು. ನಡುವೆ ಕಿಂಡಿ, ಕಿಂಡಿಯೊಳಗೆ ನಾಲಗೆಯಂಥ ಕಡ್ಡಿ, ಬುಡದಲ್ಲಿ ಎರಡಾಗಿ ಸೀಳಿದ ಬಾಲ.

"ಇದೆಂತ ಈಟಿ? ಇದು ಬಲೆ ಕಟ್ಟುವ ಸೂಜಿ ಅಲ್ವಾ ಮಾರಾಯ!"

ತವರಿನ ಕಡಲದಂಡೆ ಬೆಂಗ್ರೆಯಲ್ಲಿ ಅವಳಪ್ಪ ದೂಮಪ್ಪ ಬಲೆ ಕಟ್ಟುತ್ತಿದ್ದಾಗ, ದಿನಾ ಶಾಲೆಗೆ ಹೊರಡುವ ಮೊದಲು ಹತ್ತು ಸೂಜಿಗೆ ನೂಲು ತುಂಬಿಡುವುದು ಅವಳ ಕೆಲಸ. ನೂಲನ್ನು ನಾಲಗೆಗೆ ಸಿಕ್ಕಿಸಿ, ಬುಡದ ಸೀಳಿಗೆ ಎಳೆದು, ಸೂಜಿ ತಿರುಗಿಸಿ ಮತ್ತೆ ನಾಲಗೆಗೆ. ಕಣ್ಣು ಮರೆತರೂ ಬೆರಳು ಮರೆಯದ ಆಕಾರ.

ಜೋಸ್ಟನ್ ನಕ್ಕ. "ಅಕ್ಕಾ, ನಿಮಗೆ ಎಲ್ಲಿ ಹೋದ್ರೂ ಮೀನಿಂದೇ ವಾಸನೆ. ಜರ್ಮನಿಯಲ್ಲಿ ಬೆಂಗ್ರೆ ಉಂಟಾ?"

"ಮೀನಿದ್ದಲ್ಲಿ ಬಲೆ ಇರುದಿಲ್ವಾ? ನಿಮ್ಮ ಮನೆಯಲ್ಲಿ ಈಟಿ ಹಿಡ್ಕೊಂಡು ಬಂಗುಡೆ ಹಿಡಿಲಿಕ್ಕೆ ಹೋಗ್ತಾರಾ?"

ನೌಶಾದನಿಗೆ ನಗು ಬರಲಿಲ್ಲ. "ಸುಂದರಕ್ಕ, ಕಸ್ಟಮರ್ ಈಟಿ ಅಂದ್ರೆ ಈಟಿ, ಒಂಟೆ ಅಂದ್ರೆ ಒಂಟೆ. ಅವರ ಊರಿನ ಚರಿತ್ರೆ ಸರಿ ಮಾಡ್ಲಿಕ್ಕೆ ನಾವ್ಯಾರು? ಆರ್ಡರ್ ಏನಾದ್ರೂ ಹಾಳಾದ್ರೆ ತಿಂಗಳ ಕೊನೆಯವರೆಗೂ ಇಲ್ಲ, ಅವತ್ತೇ ಖಲಾಸ್."

ಸುಂದರಿ ದಾರದ ಬಣ್ಣ ಹೊಂದಿಸಿ ಕೊಟ್ಟಳು. ಶುಕ್ರವಾರ ಮತ್ರಾದ ಮೀನು ಮಾರ್ಕೆಟಿನ ಹಿಂದೆ, ಹರಿದ ಬಲೆ ಹರಡಿಕೊಂಡು ಕೂತಿದ್ದ ಮುದುಕನಿಂದ ಒಂದು ಸೂಜಿ ಕೇಳಿ ತಂದಳು. ಹಸಿರು ಪ್ಲಾಸ್ಟಿಕ್ಕಿನದು, ಆಕಾರ ಮಾತ್ರ ಅಪ್ಪನದ್ದೇ.

ಶನಿವಾರ ಹೋಲ್ಗರ್ ಮಾದರಿ ನೋಡಲು ಬಂದ. ಯಂತ್ರ ಹೊಲಿದ ಈಟಿ ಫಳಫಳ ಹೊಳೆಯುತ್ತಿತ್ತು. "ವೆರಿ ಗುಡ್" ಎಂದ. ನೌಶಾದನ ಮುಖ ಅರಳಿತು. ಸುಂದರಿ ಲೆಕ್ಕ ಹಾಕಿದಳು. ಬಾಯಿ ಮುಚ್ಚಿಕೊಂಡರೆ ಇನ್ನು ಹತ್ತು ದಿನದ ಅನ್ನ. ಆಮೇಲೆ ಹೇಗೂ ಮನೆಗೇ. ಅವಳು ಎದ್ದು ಬಂದು ಹಳೆಯ ಬಾವುಟವನ್ನು ಕವುಚಿ ಹಾಕಿ, ಕಸೂತಿಯ ಮೇಲೆ ಹಸಿರು ಸೂಜಿಯನ್ನಿಟ್ಟಳು. ತುದಿ, ನಾಲಗೆ, ಬಾಲದ ಸೀಳು, ಎಲ್ಲವೂ ಅಚ್ಚು ಹೊಯ್ದಂತೆ ಕೂತವು.

"ಸುಂದರಕ್ಕಾ!" ನೌಶಾದ್ ಹಲ್ಲು ಕಚ್ಚಿದ.

"ಜೋಸ್ಟನ್, ಇಂಗ್ಲಿಷಲ್ಲಿ ಹೇಳು ಇವರಿಗೆ. ಇದು ಕಾದಾಡುವವರದ್ದಲ್ಲ, ದುಡಿಯುವವರದ್ದು."

ಜೋಸ್ಟನ್ ಹೇಳುತ್ತಿದ್ದಂತೆ ಅವಳು ಸೂಜಿಗೆ ದಾರ ತುಂಬಿ, ಮೇಜಿನ ಅಂಚಿನಲ್ಲೇ ನಾಲ್ಕು ಕಣ್ಣಿನ ಬಲೆ ಕಟ್ಟಿ ತೋರಿಸಿದಳು. ಹೋಲ್ಗರ್ ಕನ್ನಡಕ ಏರಿಸಿ ಬಗ್ಗಿದ. ಬಹಳ ಹೊತ್ತು ಏಳಲಿಲ್ಲ. ಆಮೇಲೆ ಬಾವುಟದ ಬೆನ್ನಿನ ಫೋಟೋ ತೆಗೆದು, ತನ್ನೂರಿನ ಹಳೇ ಕಾಗದಪತ್ರ ಕಾಯುವ ಹೆಂಗಸಿಗೆ ಕಳಿಸಿದ.

ಮೂರನೆಯ ದಿನ ಸೂರಿನಿಂದ ತಾನೇ ಕಾರು ಓಡಿಸಿಕೊಂಡು ಬಂದ. ಅಂಗಡಿಗೆ ಕಾಲಿಟ್ಟವನೇ ಫೋನನ್ನು ಸುಂದರಿಯ ಮುಂದೆ ಹಿಡಿದ. ಪರದೆಯ ಮೇಲೆ ಆ ಹೆಂಗಸು ಹುಡುಕಿ ಕಳಿಸಿದ ಹಳೆಯ ಅರಗಿನ ಮುದ್ರೆ: ಮೀನು, ಅದರ ಮೇಲೆ ಬಲೆಯ ಸೂಜಿ. ಒಂದು ಚಳಿಗಾಲ ಹಿಮಗಡ್ಡೆ ಒಡೆದು ನದಿ ಊರೊಳಗೆ ನುಗ್ಗಿತ್ತಂತೆ. ಬಲೆ ಕಟ್ಟುವವರು ಮರದಿಂದ ಮರಕ್ಕೆ ಬಲೆ ಬಿಗಿದು ಕೊಚ್ಚಿಹೋಗುತ್ತಿದ್ದ ಜನರನ್ನು ಹಿಡಿದುಳಿಸಿದರಂತೆ. ಅವರ ಗೌರವಕ್ಕೆ ಅವರ ಸೂಜಿಯೇ ಊರಿನ ಗುರುತಾಯಿತು. ಎಷ್ಟೋ ಕಾಲದ ಮೇಲೆ, ಬಲೆಯ ಗಂಧವಿಲ್ಲದ ಚಿತ್ರಗಾರನೊಬ್ಬ ಅದನ್ನು ಈಟಿ ಮಾಡಿದ; ಸೂಜಿ ಉಳಿದದ್ದು ಮೀನುಗಾರರ ಬಾವುಟದಲ್ಲಿ ಮಾತ್ರ. ಈಟಿ ಬಂದ ಮೇಲೆ ಹಿಡಿಯಲೊಬ್ಬ ವೀರ ಬೇಕಲ್ಲ, ಅವನನ್ನೂ ಹುಟ್ಟಿಸಿಕೊಂಡರು.

"ನಮ್ಮ ಮೇಯರ್ ಮೂರು ಬಾವುಟ ಕೇಳಿದ್ದಾರೆ," ಎಂದ ಹೋಲ್ಗರ್. "ಯಂತ್ರದ್ದು ಬೇಡವಂತೆ. ಇದನ್ನು ಗುರುತಿಸಿದ ಕೈಯೇ ಹೊಲಿಯಬೇಕಂತೆ."

ಜೋಸ್ಟನ್ ಕನ್ನಡಕ್ಕೆ ತಿರುಗಿಸಿ ಹೇಳಿದ. ಸುಂದರಿ ಸೆರಗು ಸರಿಮಾಡಿಕೊಂಡಳು. "ಆಗ್ಲಿ, ಹೊಲಿತೇನೆ. ಆದ್ರೆ ತಿಂಗಳ ಕೊನೆಗೆ ನನ್ನ ಕಾರ್ಡು ಮುಗೀತದೆ, ಅದನ್ನೂ ಇವರಿಗೆ ಹೇಳು."

"ಹೇಳ್ಬೇಡ ಮಾರಾಯ!" ನೌಶಾದ್ ನಡುವೆ ಬಂದ. "ಕಾರ್ಡಿಗೆಂತ? ನಾಳೆಯೇ ನಮ್ಮ ಒಮಾನಿ ಕಫೀಲ್ ಹತ್ರ ಹೋಗಿ ಸಹಿ ಹಾಕಿಸ್ತೇನೆ."

"ನಾಳೆ ಯಾಕೆ ನೌಶಾದ್ ಭಾಯ್? ಈಗ ಅವರು ಆಫೀಸಲ್ಲೇ ಇರ್ತಾರೆ."

ಹಿಂದೆ ಯಂತ್ರ ಓಡುತ್ತಲೇ ಇತ್ತು. ನೌಶಾದ್ ಅವಳನ್ನು ನೋಡಿದ, ಹೋಲ್ಗರನನ್ನು ನೋಡಿದ, ಕೊನೆಗೆ ತಾನೇ ನಕ್ಕುಬಿಟ್ಟ. "ಯಲ್ಲಾ, ಈಗಲೇ ಹೊರಟೆ, ಪಾಸ್‌ಪೋರ್ಟ್ ಕೊಡಿ" ಎಂದು ಕಾರಿನ ಕೀ ತೆಗೆದುಕೊಂಡ.

ಅವನು ಹೊರಟ ಮೇಲೆ ಸುಂದರಿ ತನ್ನ ಕುರ್ಚಿಯನ್ನು ಒಳಮೂಲೆಯಿಂದ ಎಳೆದು ತಂದು, ಅಂಗಡಿಯ ಗಾಜಿನ ಮುಂದೆ, ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ ಹಾಕಿಕೊಂಡಳು.

"ಜೋಸ್ಟನ್, ಯಂತ್ರ ನಿಲ್ಲಿಸು. ನೀಲಿ ಬಟ್ಟೆ ಇಲ್ಲಿ ತಾ."